ಮನೆಬಾಗಿಲಿಗೆ ಹೋದ ದಾದಿ: ಲಿಲಿಯನ್ ವಾಲ್ಡ್

ಕಾಯಿಲೆಯಾದರೆ ನಾವು ಆಸ್ಪತ್ರೆಗೆ ಹೋಗುತ್ತೇವೆ. ಹೋಗಲಾರದವರ ಗತಿಯೇನು? ಈ ಪ್ರಶ್ನೆಗೆ ತಮ್ಮ ಬದುಕನ್ನೇ ಕೊಟ್ಟವರು ಲಿಲಿಯನ್ ವಾಲ್ಡ್. 1867ರಲ್ಲಿ ಅಮೆರಿಕದ ಸಿನ್ಸಿನಾಟಿಯ ಅನುಕೂಲಸ್ಥ ಯಹೂದಿ ಕುಟುಂಬದಲ್ಲಿ ಜನಿಸಿ, 1891ರಲ್ಲಿ ದಾದಿಯ ತರಬೇತಿ ಮುಗಿಸಿದರು.

1893ರಲ್ಲಿ ನ್ಯೂಯಾರ್ಕಿನ ವಲಸಿಗರ ಬಡ ಕೇರಿಯಲ್ಲಿ ಹೆಂಗಸರಿಗೆ ರೋಗಿಯ ಆರೈಕೆ ಕಲಿಸುತ್ತಿದ್ದಾಗ ಪುಟ್ಟ ಬಾಲಕಿಯೊಬ್ಬಳು ಬಂದು, ಹೆರಿಗೆಯಾಗಿ ನರಳುತ್ತಿದ್ದ ತನ್ನ ತಾಯಿಯ ಬಳಿಗೆ ಕರೆದೊಯ್ದಳು. ಆ ಕತ್ತಲೆ ಕೋಣೆಯನ್ನು ಕಂಡ ವಾಲ್ಡ್ ವೈದ್ಯಕೀಯ ಓದನ್ನೇ ಬಿಟ್ಟು, ಗೆಳತಿ ಮೇರಿ ಬ್ರೂಸ್ಟರ್ ಜೊತೆ ಅದೇ ಕೇರಿಯಲ್ಲಿ ನೆಲೆಸಿದರು. ರೋಗಿಯನ್ನು ಮಾತ್ರವಲ್ಲ, ಅವರ ಮನೆಯ ಗಾಳಿ, ಊಟ, ದುಡಿಮೆಯನ್ನೂ ವಿಚಾರಿಸಿದರು. ಸಮುದಾಯ ಆರೋಗ್ಯ ಶುಶ್ರೂಷೆಯ ತಿರುಳು ಇದೇ.

ನಮ್ಮಂಥ ಶಿಕ್ಷಕರು ಗಮನಿಸಬೇಕಾದದ್ದು 1902ರ ಘಟನೆ. ಆಗ ಅಲ್ಲಿ ಕಣ್ಣುಬೇನೆ, ಚರ್ಮರೋಗ ಕಂಡ ಮಕ್ಕಳನ್ನು ಶಾಲೆಯಿಂದ ಹೊರಗೆ ಕಳಿಸುತ್ತಿದ್ದರು. ಮದ್ದು ಕೊಡುವವರಿಲ್ಲ. ಮಕ್ಕಳು ಬೀದಿಯಲ್ಲಿ ಅದೇ ಸಹಪಾಠಿಗಳೊಂದಿಗೆ ಆಡುತ್ತಿದ್ದರು! ವಾಲ್ಡ್ ತಮ್ಮ ಸಂಸ್ಥೆಯ ದಾದಿ ಲೀನಾ ರೋಜರ್ಸ್ ಅವರನ್ನು ಒಂದು ತಿಂಗಳ ಮಟ್ಟಿಗೆ ನಾಲ್ಕು ಶಾಲೆಗಳಿಗೆ ಕೊಟ್ಟರು. ರೋಜರ್ಸ್ ಮಕ್ಕಳಿಗೆ ಶಾಲೆಯಲ್ಲೇ ಔಷಧ ಹಚ್ಚಿದರು, ಮನೆಗೆ ಹೋಗಿ ತಾಯಂದಿರಿಗೆ ತಿಳಿಹೇಳಿದರು. ಗೈರುಹಾಜರಿ ಇಳಿಯಿತು. ನಗರಾಡಳಿತವೇ ಶಾಲಾ ದಾದಿಯರನ್ನು ನೇಮಿಸಿತು.

ವಾಲ್ಡ್ 1940ರಲ್ಲಿ ತೀರಿಕೊಂಡರು. ಹೆನ್ರಿ ಬೀದಿಯ ಅವರ ಸಂಸ್ಥೆ ಇಂದಿಗೂ ನಡೆಯುತ್ತಿದೆ.