ಮಾಹಿತಿಗೆ ಅಳತೆಗೋಲು ಕೊಟ್ಟ ಕ್ಲಾಡ್ ಶಾನನ್

ಕೌಜಲಗಿ: ‘ಕೌಜಲ’ ಎಂದು ಬರೆದು ನಿಲ್ಲಿಸಿದರೆ ಮುಂದಿನ ಅಕ್ಷರ ‘ಗಿ’ ಎಂಬುದನ್ನು ಈ ಭಾಗದ ಶಾಲಾ ಬಾಲಕನೂ ಹೇಳಬಲ್ಲ. ಊಹೆಗೆ ಸಿಗುವ ಅಕ್ಷರದಲ್ಲಿ ಹೊಸ ಮಾಹಿತಿ ಅತ್ಯಲ್ಪ. ಅದನ್ನು ಕಾಪಿಡಲು ಕಡಿಮೆ ಜಾಗ ಸಾಕು. ಈ ಸಂಗತಿಯನ್ನು ಗಣಿತದ ನಿಯಮವಾಗಿಸಿದವರು ಅಮೆರಿಕದ ಕ್ಲಾಡ್ ಎಲ್ವುಡ್ ಶಾನನ್. ಬ್ಯಾಕಪ್ ಟೇಪಿನ ಮೇಲೆ ಎರಡು ಸಾಮರ್ಥ್ಯಗಳು ಮುದ್ರಿತವಾಗಿರುವುದೇಕೆ ಎಂಬ ಪ್ರಶ್ನೆಗೂ ಅವರ ಸಿದ್ಧಾಂತದಲ್ಲಿ ಉತ್ತರವಿದೆ.

1916ರ ಏಪ್ರಿಲ್ 30ರಂದು ಮಿಚಿಗನ್ ರಾಜ್ಯದ ಪೆಟೋಸ್ಕಿಯಲ್ಲಿ ಜನಿಸಿದ ಶಾನನ್ ಬೆಳೆದದ್ದು ಗೇಲಾರ್ಡ್ ಎಂಬ ಸಣ್ಣ ಊರಿನಲ್ಲಿ. ಬಾಲ್ಯದಲ್ಲಿಯೇ ಹೊಲದ ಮುಳ್ಳುತಂತಿ ಬೇಲಿಯನ್ನು ಬಳಸಿ ಅರ್ಧ ಮೈಲಿ ದೂರದ ಗೆಳೆಯನ ಮನೆಗೆ ಟೆಲಿಗ್ರಾಫ್ ಸಂಪರ್ಕ ಕಲ್ಪಿಸಿದ್ದರು. (ನಮ್ಮ ಕಬ್ಬಿನ ಗದ್ದೆಗಳ ಬೇಲಿಗೆ ಇಂತಹ ಭಾಗ್ಯ ಬಂದಂತಿಲ್ಲ.) 1936ರಲ್ಲಿ ಮಿಚಿಗನ್ ವಿಶ್ವವಿದ್ಯಾಲಯದಿಂದ ಗಣಿತ ಮತ್ತು ವಿದ್ಯುತ್ ಎಂಜಿನಿಯರಿಂಗ್ ಪದವಿಗಳನ್ನು ಪಡೆದು, ಎಂಐಟಿಯಲ್ಲಿ ವ್ಯಾಸಂಗ ಮುಂದುವರಿಸಿ, 1941ರಲ್ಲಿ ಬೆಲ್ ಪ್ರಯೋಗಾಲಯವನ್ನು ಸೇರಿದರು.

1948ರಲ್ಲಿ ಪ್ರಕಟವಾದ ಅವರ ಪ್ರಬಂಧವು ಮಾಹಿತಿಯನ್ನು ‘ಬಿಟ್’ಗಳಲ್ಲಿ ಅಳೆಯುವುದನ್ನು ಜಗತ್ತಿಗೆ ಕಲಿಸಿತು. ಏನನ್ನೂ ಕಳೆದುಕೊಳ್ಳದೆ ಮಾಹಿತಿಯನ್ನು ಕುಗ್ಗಿಸುವುದಕ್ಕೆ ಒಂದು ಮಿತಿಯಿದೆ, ಯಾವ ಜಾಣ್ಮೆಯೂ ಅದನ್ನು ದಾಟಲಾರದು ಎಂಬುದನ್ನು ಅವರು ಸಾಧಿಸಿ ತೋರಿಸಿದರು. ಮುಂದಿನ ಅಕ್ಷರವನ್ನು ಊಹಿಸುವ ಆಟವನ್ನು ಪತ್ನಿ ಬೆಟ್ಟಿಯವರೊಡನೆಯೂ ಆಡಿ ನೋಡಿದ್ದರು. ದೀರ್ಘ ಇಂಗ್ಲಿಷ್ ಬರಹದಲ್ಲಿ ಸುಮಾರು ಮುಕ್ಕಾಲು ಪಾಲು ಹೆಚ್ಚುವರಿ ಎಂಬುದು 1951ರ ಅವರ ಅಂದಾಜು.

ಟೇಪಿನ ವಿಷಯಕ್ಕೆ ಬರೋಣ. 2000ದಲ್ಲಿ ಮಾರುಕಟ್ಟೆಗೆ ಬಂದ ಮೊದಲ ತಲೆಮಾರಿನ ಎಲ್‌ಟಿಒ ಟೇಪಿನ ನಿಜವಾದ ಸಾಮರ್ಥ್ಯ 100 ಗಿಗಾಬೈಟ್. ಕಂಪನಿಗಳು ಹೇಳುತ್ತಿದ್ದುದು 200. ದತ್ತಾಂಶ ಅರ್ಧಕ್ಕೆ ಕುಗ್ಗುತ್ತದೆಂಬ ಊಹೆಯೇ ಈ ದುಪ್ಪಟ್ಟಿಗೆ ಆಧಾರ. ‘ಭೂಮಿ’ ಯೋಜನೆಯಡಿ ಗಣಕೀಕರಣಗೊಂಡ ಸುಮಾರು 2 ಕೋಟಿ ಪಹಣಿಗಳಂತಹ ದಾಖಲೆಗಳಲ್ಲಿ ಅವೇ ಅಂಕಣಗಳು, ಅವೇ ಗ್ರಾಮಗಳ ಹೆಸರುಗಳು ಮರುಕಳಿಸುವುದರಿಂದ ಅವು ಚೆನ್ನಾಗಿ ಕುಗ್ಗುತ್ತವೆ. ಆದರೆ ಫೋಟೊ, ವಿಡಿಯೊ, ಜಿಪ್ ಕಡತಗಳು ಮೊದಲೇ ಕುಗ್ಗಿದವು. ಅವುಗಳ ಪಾಲಿಗೆ 100 ಎಂದರೆ ಹೆಚ್ಚುಕಡಿಮೆ 100 ಮಾತ್ರ. ದೊಡ್ಡ ಅಂಕಿಯನ್ನೇ ನಂಬಿ ಟೇಪು ಕೊಂಡ ಕಚೇರಿಯಲ್ಲಿ ರಾತ್ರಿಯ ಬ್ಯಾಕಪ್ ಅರ್ಧದಾರಿಯಲ್ಲಿ ನಿಂತು ಎರಡನೆಯ ಟೇಪು ಕೇಳುತ್ತದೆ. ಬೆಳಗಿನವರೆಗೆ ಅದನ್ನು ಕೊಡುವವರು ಯಾರೂ ಇರುವುದಿಲ್ಲ. 2021ರ ಒಂಬತ್ತನೆಯ ತಲೆಮಾರಿನಲ್ಲೂ ಇದೇ ರೂಢಿ: ನಿಜ ಸಾಮರ್ಥ್ಯ 18 ಟೆರಾಬೈಟ್, ಪ್ರಚಾರದಲ್ಲಿ 45.

ಒಂಟಿ ಚಕ್ರದ ಸೈಕಲ್ ಏರಿ ಪ್ರಯೋಗಾಲಯದ ಓಣಿಗಳಲ್ಲಿ ಸುತ್ತುತ್ತಿದ್ದ, ದಾರಿ ಕಲಿಯುವ ಯಂತ್ರದ ಇಲಿಯನ್ನು ನಿರ್ಮಿಸಿದ್ದ ಶಾನನ್, ಕೊನೆಯ ವರ್ಷಗಳಲ್ಲಿ ಅಲ್ಝೈಮರ್ ರೋಗದಿಂದ ನೆನಪು ಕಳೆದುಕೊಂಡರು. ತಮ್ಮ ಸಿದ್ಧಾಂತದ ಫಲವಾಗಿ ಸುತ್ತಲೂ ನಡೆಯುತ್ತಿದ್ದ ಕ್ರಾಂತಿಯ ಅರಿವು ಅವರಿಗೆ ಉಳಿದಿರಲಿಲ್ಲ. 2001ರ ಫೆಬ್ರುವರಿ 24ರಂದು ಮ್ಯಾಸಚೂಸೆಟ್ಸ್‌ನ ಮೆಡ್‌ಫರ್ಡ್‌ನಲ್ಲಿ, 84ನೆಯ ವಯಸ್ಸಿನಲ್ಲಿ ನಿಧನರಾದರು.