ಗಾಯನಯೋಗಿ ಮಲ್ಲಿಕಾರ್ಜುನ ಮನಸೂರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಲ್ಪವೃಕ್ಷಸೀಮೆಯು ವಚನವಾಙ್ಮಯಕ್ಕೆ ಜನ್ಮಭೂಮಿಯಲ್ಲದಿದ್ದರೂ ಅದನ್ನು ಸಾಕಿ ಸಲಹಿದ ನೆಲವೆಂದು ಹೇಳಲು ಅಡ್ಡಿಯಿಲ್ಲ. ತುರುವೇಕೆರೆಗೆ ನೆರೆಯಾದ ಕುಣಿಗಲು ಸೀಮೆಯ ಕಗ್ಗೆರೆಯ ತೋಟದಲ್ಲಿ ಶಿವಯೋಗನಿರತರಾಗಿದ್ದು, ಅದರಿಂದಲೇ ತೋಂಟದವರೆಂದು ಹೆಸರಾಗಿ, ಎಡೆಯೂರಿನಲ್ಲಿ ಲಿಂಗೈಕ್ಯರಾದ ಸಿದ್ಧಲಿಂಗೇಶ್ವರರು 15-16ನೆಯ ಶತಮಾನಗಳಲ್ಲಿ ಶರಣಧರ್ಮಕ್ಕೆ ಹೊಸ ಚೈತನ್ಯವನ್ನಿತ್ತರು. ಅವರ ಶಿಷ್ಯವರ್ಗಕ್ಕೆ ಸೇರಿದ ಗೂಳೂರು ಸಿದ್ಧವೀರಣ್ಣೊಡೆಯರು ಶೂನ್ಯಸಂಪಾದನೆಯನ್ನು ಪರಿಷ್ಕರಿಸಿ, ಅಲ್ಲಮಪ್ರಭು ಅಕ್ಕಮಹಾದೇವಿಯರ ಮಾತುಗಳು ಚದರಿಹೋಗದಂತೆ ಕಾಪಾಡಿದರು. ಹೀಗೆ ಓಲೆಗರಿಗಳಲ್ಲಿ ಉಳಿದುಬಂದ ವಚನಗಳನ್ನು ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚಿಗೆ ತಂದರು. ಓಲೆಯಿಂದ ಅಚ್ಚಿಗೆ ಬಂದ ವಚನವು ಅಚ್ಚಿನಿಂದ ಮತ್ತೆ ಕಂಠಕ್ಕೆ ಬರಬೇಕಾಗಿತ್ತು. ಆ ಕಾರ್ಯವನ್ನು ನೆರವೇರಿಸಿದ ಗಾಯಕರಲ್ಲಿ ಧಾರವಾಡದ ಮಲ್ಲಿಕಾರ್ಜುನ ಮನಸೂರರು ಅಗ್ರಗಣ್ಯರು.

ಮನಸೂರರು 1910ರಲ್ಲಿ ಧಾರವಾಡದ ಸಮೀಪದ ಮನಸೂರು ಗ್ರಾಮದಲ್ಲಿ ಜನಿಸಿದರು. ತಂದೆ ಭೀಮರಾಯಪ್ಪನವರು ಊರಿನ ಗೌಡಿಕೆಯುಳ್ಳ ಒಕ್ಕಲುಮಗ, ಸಂಗೀತದಲ್ಲಿ ಒಲವುಳ್ಳವರು. ಅಣ್ಣ ಬಸವರಾಜರು ನಾಟಕ ಮಂಡಳಿಯಲ್ಲಿದ್ದರು. ಬಾಲಕನಿಗೆ ಶಾಲೆಯ ಮಣೆಗಿಂತ ರಂಗದ ಮಣೆಯೇ ಪ್ರಿಯವಾಯಿತು. ನಾಟಕದ ಹಾಡುಗಳನ್ನು ಹಾಡುತ್ತಿದ್ದ ಈ ಹುಡುಗನ ಕಂಠವನ್ನು ಕೇಳಿದ ಅಪ್ಪಯ್ಯಸ್ವಾಮಿಗಳು ಅವನಿಗೆ ಕರ್ಣಾಟಕ ಸಂಗೀತದ ಮೊದಲ ಪಾಠಗಳನ್ನು ಹೇಳಿಕೊಟ್ಟರು. ಮುಂದೆ ಹಿಂದುಸ್ತಾನಿ ಸಂಗೀತದ ಶಿಖರವನ್ನೇರಿದವರ ತಳಪಾಯವು ದಕ್ಷಿಣದ ಸ್ವರಗಳಿಂದಲೇ ಕಟ್ಟಲ್ಪಟ್ಟಿತೆಂಬುದು ಗಮನಾರ್ಹ.

ಅನಂತರ ನೀಲಕಂಠಬುವಾ ಅಲೂರಮಠರು ಅವರನ್ನು ಮಿರಜಿಗೆ ಕರೆದೊಯ್ದು, ಸುಮಾರು ಆರು ವರ್ಷಗಳ ಕಾಲ ಗ್ವಾಲಿಯರ ಘರಾಣೆಯ ಶಿಕ್ಷಣವನ್ನು ಕೊಟ್ಟರು. ರಾಗದ ನಿಚ್ಚಳವಾದ ರೂಪ, ತಾಳದ ಮೇಲಿನ ಹಿಡಿತ, ತೆರೆದ ಕಂಠ ಇವು ಮನಸೂರರಿಗೆ ಅಲ್ಲಿಂದ ದೊರೆತವು. ಇಷ್ಟಕ್ಕೇ ನಿಂತಿದ್ದರೂ ಅವರು ಒಳ್ಳೆಯ ಗಾಯಕರೆನಿಸಿಕೊಳ್ಳುತ್ತಿದ್ದರು. ಧ್ವನಿಮುದ್ರಿಕೆಗಳಿಂದ ಹೆಸರೂ ಬಂದಿತ್ತು. ಆದರೆ ಮುಂಬಯಿಯಲ್ಲಿ ಜಯಪುರ-ಅತ್ರೌಲಿ ಘರಾಣೆಯ ಪ್ರವರ್ತಕ ಅಲ್ಲಾದಿಯಾ ಖಾನರ ಪುತ್ರ ಮಂಜೀಖಾನರು ಅವರನ್ನು ಶಿಷ್ಯನನ್ನಾಗಿ ಸ್ವೀಕರಿಸಿದುದು ಅವರ ಜೀವನದ ದೊಡ್ಡ ತಿರುವು. ಹೆಸರು ಗಳಿಸಿದ ತರುಣನು ಪುನಃ ಮೊದಲಿನಿಂದ ಕಲಿಯಲು ಕುಳಿತುಕೊಳ್ಳುವುದು ಸಾಮಾನ್ಯವಾದ ಮಾತಲ್ಲ. ಆ ಭಾಗ್ಯವಾದರೋ ಒಂದೂವರೆ ವರ್ಷದಲ್ಲಿಯೇ ಮುಗಿಯಿತು. 1937ರಲ್ಲಿ ಮಂಜೀಖಾನರು ತೀರಿಕೊಂಡರು. ಅರ್ಧದಾರಿಯಲ್ಲಿ ಅನಾಥನಾದ ಶಿಷ್ಯನನ್ನು ಅವರ ತಮ್ಮಂದಿರಾದ ಭೂರ್ಜೀಖಾನರು ಕೈಹಿಡಿದು ನಡೆಸಿದರು.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ಗುರುಗಳು ಇಸ್ಲಾಂ ಧರ್ಮದವರು, ಶಿಷ್ಯರು ಲಿಂಗವಂತರು. ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳವರಲ್ಲಿ ಮನಸೂರರ ಭಕ್ತಿಯು ಕೊನೆಯವರೆಗೂ ಅಚಲವಾಗಿತ್ತು. ಧಾರವಾಡದ ತಮ್ಮ ಮನೆಗೂ ಮೃತ್ಯುಂಜಯ ಎಂಬ ಹೆಸರನ್ನೇ ಇಟ್ಟರು. ಖಾನಸಾಹೇಬರಲ್ಲಿ ಅವರಿಗಿದ್ದ ಗುರುಭಕ್ತಿಯೂ ಅದಕ್ಕಿಂತ ಕಡಮೆಯದಾಗಿರಲಿಲ್ಲ. ಒಂದು ನಿಷ್ಠೆಯು ಮತ್ತೊಂದಕ್ಕೆ ಅಡ್ಡಬರಲಿಲ್ಲ. ಗುರುವಿನಲ್ಲಿ ಕುಲವನ್ನರಸಬಾರದೆಂಬ ಶರಣರ ಬೋಧೆಯನ್ನು ಅವರು ಉಪನ್ಯಾಸದಿಂದ ಸಾರಲಿಲ್ಲ. ಗುರುವಿನ ಎದುರು ಕುಳಿತು ಕಲಿತು ತೋರಿಸಿದರು.

ಮನಸೂರರಿಗೆ ಪ್ರಿಯವಾದ ರಾಗಗಳ ಪಟ್ಟಿಯು ದೊಡ್ಡದು. ಶುದ್ಧನಟ, ಶಿವಮತಭೈರವ, ಬಸಂತಿಕೇದಾರ, ಏಕನಿಷಾದ ಬಿಹಾಗಡಾ, ಖಟ, ಸಂಪೂರ್ಣ ಮಾಲಕಂಸ ಮೊದಲಾದ ವಿರಳ ರಾಗಗಳ ಹೆಸರುಗಳನ್ನು ರಸಿಕರು ಜಪಮಾಲೆಯಂತೆ ಎಣಿಸುವುದುಂಟು. ಕೇವಲ ವಿರಳತೆಯನ್ನೇ ಕೊಂಡಾಡುವುದು ಅಷ್ಟೇನೂ ಯುಕ್ತವಲ್ಲ. ಬೀಗ ಅಪರೂಪದ್ದೆಂದ ಮಾತ್ರಕ್ಕೆ ಪೆಟ್ಟಿಗೆಯಲ್ಲಿ ಚಿನ್ನವಿರಬೇಕೆಂಬ ನಿಯಮವಿಲ್ಲವಷ್ಟೆ! ಆ ರಾಗಗಳು ಕೇಳುವವರ ಹೃದಯವನ್ನು ಹೇಗೆ ಮುಟ್ಟುತ್ತಿದ್ದವೆಂಬುದೇ ವಿಚಾರಾರ್ಹ.

ಹರಿಕಥೆ, ಭಜನೆ, ನಾಟಕದ ಪದಗಳಲ್ಲಿ ಪಳಗಿದ ತೆಂಗಿನ ಸೀಮೆಯ ಕಿವಿಗೆ ಹಿಂದೋಳವು ಪರಿಚಿತವಾದುದೇ. ಋಷಭವೂ ಪಂಚಮವೂ ಇಲ್ಲದ, ಐದೇ ಸ್ವರಗಳ ಗಂಭೀರವಾದ ಈ ರಾಗವನ್ನೇ ಉತ್ತರಾದಿಯಲ್ಲಿ ಮಾಲಕಂಸವೆನ್ನುತ್ತಾರೆ. ಸಂಪೂರ್ಣ ಮಾಲಕಂಸದಲ್ಲಿ ಬಿಟ್ಟುಹೋದ ಆ ಎರಡು ಸ್ವರಗಳೂ ಬಂದು ಸೇರುತ್ತವೆ. ಅವನ್ನು ತಪ್ಪಾಗಿ ತಂದರೆ ರಾಗವೇ ಕೆಡುತ್ತದೆ. ತರದೆ ಹೋದರೆ ಹೆಸರು ಸುಳ್ಳಾಗುತ್ತದೆ. ಮನಸೂರರು ಹಾಡುವಾಗ, ಬಹುಕಾಲ ಮನೆಬಿಟ್ಟು ಹೋಗಿದ್ದ ಮಕ್ಕಳು ಸದ್ದಿಲ್ಲದೆ ಬಂದು ಪಂಕ್ತಿಯಲ್ಲಿ ಕುಳಿತಂತೆ ಆ ಸ್ವರಗಳು ಬರುತ್ತಿದ್ದವು. ಬಂದುದು ತಿಳಿಯುವಷ್ಟರಲ್ಲಿ ಗಾಯಕರು ಮುಂದಿನ ಸ್ವರದಲ್ಲಿರುತ್ತಿದ್ದರು. ಶಿವಮತಭೈರವದ ರೀತಿಯೂ ಇಂತಹುದೇ. ಇಲ್ಲಿ ಮಕ್ಕಳು ಸರಳೆವರಸೆಯನ್ನು ಕಲಿಯುವ ಮಾಯಾಮಾಳವಗೌಳದ ಸ್ವರಗಳೇ ಭೈರವದ ಸ್ವರಗಳು. ಆ ಪರಿಚಿತವಾದ ಅಂಗಳದಲ್ಲಿ ಇದ್ದಕ್ಕಿದ್ದಂತೆ ಕೋಮಲ ಗಾಂಧಾರವೊಂದು ತೋಡಿಯ ನೆರಳನ್ನು ಚೆಲ್ಲಿ ಮರೆಯಾದಾಗ ಕೇಳುವವರ ಎದೆ ಝಲ್ಲೆನ್ನುವುದು ಸಹಜ.

ಅವರ ಗಾಯನದಲ್ಲಿ ದೀರ್ಘವಾದ ಪೀಠಿಕೆಯಿರಲಿಲ್ಲ. ಚಿಕ್ಕದೊಂದು ಆಲಾಪ, ಒಡನೆಯೇ ಮಧ್ಯಲಯದ ಬಂದಿಶು. ಆಕಾರದಲ್ಲಿ ಎಳೆ ಎಳೆಯಾಗಿ ಹೊರಟ ಸ್ವರಮಾಲೆಯು ಎಲ್ಲಿಯೂ ಕಡಿಯದೆ, ಇನ್ನು ಮುಗಿಯಿತೆನ್ನುವಲ್ಲಿ ಮುಗಿಯದೆ, ಮುಗಿಯಲಾರದೆನ್ನುವಲ್ಲಿ ಸಮಕ್ಕೆ ಬಂದು ನಿಲ್ಲುತ್ತಿತ್ತು. ತೆಂಗಿನ ನಾರನ್ನು ಹುರಿಗೊಳಿಸಿ ಹಗ್ಗ ಹೊಸೆಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಎಳೆ ತೀರುವ ಮುನ್ನವೇ ಮತ್ತೊಂದು ಎಳೆ ಸೇರಿರುತ್ತದೆ, ಸಂದು ಮಾತ್ರ ಕಣ್ಣಿಗೆ ಕಾಣದು. ಶ್ರೋತೃವಿಗೆ ತಲೆದೂಗಿ ಭಲೇ ಎನ್ನಲು ಬಿಡುವಿಲ್ಲ. ಅವನು ತನ್ನನ್ನು ಮರೆತು ಹಿಂಬಾಲಿಸಲೇಬೇಕು. ಆ ಮರೆವೇ ಅವರ ಗಾಯನದ ಆನಂದ.

ಇಂತಹ ಪಾಂಡಿತ್ಯವನ್ನು ವಚನಕ್ಕೆ ತೊಡಿಸಬಹುದೇ ಎಂಬುದು ಶರಣಧರ್ಮೀಯರಲ್ಲಿ ಸಹಜವಾಗಿ ಏಳುವ ಪ್ರಶ್ನೆ. ವಚನವು ಛಂದಸ್ಸಿಗೆ ಕಟ್ಟುಬಿದ್ದುದಲ್ಲ. ತಾಳಮಾನಗಳ ಲೆಕ್ಕವನ್ನು ತಾನರಿಯೆನೆಂದೂ, ಒಲಿದಂತೆ ಹಾಡುವೆನೆಂದೂ ಬಸವಣ್ಣನವರೇ ಹೇಳಿಕೊಂಡಿದ್ದಾರೆ. ಲೆಕ್ಕವನ್ನು ಒಲ್ಲೆನೆಂದ ಮಾತನ್ನು ಲೆಕ್ಕದೊಳಗೆ ತುರುಕಿದರೆ ರಾಗ ಉಳಿದು ಅನುಭಾವವು ಸೋರಿಹೋಗದೇ? ಈ ಅಂಜಿಕೆ ಹುಸಿಯಲ್ಲ. ಅಕ್ಷರಗಳು ತಾನುಗಳ ಭಾರಕ್ಕೆ ಒಡೆದು ಅರ್ಥವೇ ಕಾಣದಂತಾದ ವಚನಗಾಯನವನ್ನು ಕೇಳಿ ಬೇಸತ್ತವರುಂಟು. ಗದುಗಿನ ಪಂಚಾಕ್ಷರ ಗವಾಯಿಗಳಂಥ ಹಿರಿಯರು ಈ ದಾರಿಯನ್ನು ಮೊದಲೇ ತೆರೆದಿದ್ದರಾದರೂ ಅದರಲ್ಲಿ ಕಾಲಿಡುವವರೆಲ್ಲರೂ ಎಚ್ಚರದಿಂದಿರಬೇಕಾದುದು ಅವಶ್ಯ.

ಮನಸೂರರು ಈ ಪ್ರಶ್ನೆಗೆ ಕೊಟ್ಟ ಉತ್ತರವು ಅಕ್ಕಮಹಾದೇವಿಯ ಸ್ವಪ್ನವಚನದ ಗಾಯನದಲ್ಲಿದೆ. ಅಕ್ಕನು ತನ್ನ ಸಖಿಗೆ ತಾನು ಕಂಡ ಕನಸನ್ನು ನಿವೇದಿಸುವ ಆ ವಚನವು ಕಲ್ಪವೃಕ್ಷಸೀಮೆಯವರಿಗೆ ಹೊರಗಿನದೆನಿಸದು. ಕನಸಿನಲ್ಲಿ ಮೊದಲು ಕಾಣುವುದು ಮಂಗಳದ್ರವ್ಯಗಳು. ಅವುಗಳಲ್ಲಿ ತೆಂಗೂ ಉಂಟು, ಅಡಕೆಯೂ ಉಂಟು. ಬಳಿಕ ಜಡೆಯ ಭಿಕ್ಷುಕನೊಬ್ಬನು ಬಾಗಿಲಿಗೆ ಬರುತ್ತಾನೆ. ಅವನು ಮೀರಿ ಹೋಗುವಾಗ ಅಕ್ಕನು ಬೆನ್ನಟ್ಟಿ ಕೈಹಿಡಿಯುತ್ತಾಳೆ. ಹಿಡಿದವನು ಯಾರೆಂದು ಕಂಡೊಡನೆ ಕಣ್ಣು ತೆರೆಯುತ್ತದೆ. ಕನಸು ಮುಗಿಯಿತೋ, ನಿಜವಾದ ಎಚ್ಚರವೇ ಆಯಿತೋ ಎಂಬುದನ್ನು ವಚನವು ಹೇಳದೆ ಬಿಡುತ್ತದೆ.

ಸಖಿಯನ್ನು ಕರೆಯುವ ಮೊದಲ ಮಾತನ್ನು ಮನಸೂರರು ಮತ್ತೆ ಮತ್ತೆ ಹಾಡುತ್ತಾರೆ. ಪ್ರತಿಯೊಂದು ಸಲವೂ ಸ್ವರದ ದಾರಿ ಬೇರೆ. ಒಮ್ಮೆ ಗುಟ್ಟನ್ನು ಹೇಳುವವಳ ತವಕ, ಒಮ್ಮೆ ನಂಬಿಸಲಾರದವಳ ಸಂಕೋಚ, ಒಮ್ಮೆ ಬರಿಯ ಹಂಬಲ. ತಾನುಗಳ ಮಳೆಗರೆಯಬಲ್ಲ ಕಂಠವು ಇಲ್ಲಿ ತನ್ನ ಬಲವನ್ನು ತಡೆಹಿಡಿದುಕೊಂಡಿದೆ. ಮಂಜೀಖಾನರ ಬಳಿ ಕಲಿತ ಕಡಿಯದ ಉಸಿರು ಮಾತ್ರ ಅಲ್ಲಿಯೇ ಇದೆ. ಆ ಉಸಿರಿನಿಂದಲೇ ಮಾತು ಒಡೆಯದೆ ಇಡಿಯಾಗಿ ಕೇಳುವವರನ್ನು ಮುಟ್ಟುತ್ತದೆ. ವಿದ್ಯೆಯು ವಚನದ ಮೇಲೆ ಹೊದಿಕೆಯಾಗದೆ ಅದರ ಕೆಳಗೆ ನೆಲವಾಗಿರುವುದರಿಂದ ಬಸವಣ್ಣನವರ ಒಲವಿನ ಹಾಡಿಗೂ ಇದಕ್ಕೂ ವಿರೋಧ ತೋರದು. ಇನ್ನೊಂದು ವಿಶೇಷವುಂಟು. ವಚನದ ಕೊನೆಯಲ್ಲಿ ಬರುವ ಅಕ್ಕನ ಅಂಕಿತವೇ ಗಾಯಕರ ಹೆಸರೂ ಹೌದು. ತನ್ನ ಹೆಸರನ್ನು ತಾನೇ ದೇವರ ಹೆಸರಾಗಿ ಹಾಡುವವನಲ್ಲಿ ಹೆಮ್ಮೆ ಇಣುಕುವುದು ಸುಲಭ. ಮನಸೂರರು ಅದನ್ನು ಹಾಡುವಾಗ ತನ್ನ ಹೆಸರೆಂಬ ನೆನಪು ಅವರಿಗಿದ್ದಂತೆ ತೋರುವುದೇ ಇಲ್ಲ.

ಅವರ ಉಳಿದ ಜೀವನವನ್ನು ಸಂಕ್ಷೇಪವಾಗಿ ಹೇಳಬಹುದು. ಧ್ವನಿಮುದ್ರಣ ಸಂಸ್ಥೆಯಲ್ಲಿ ಸಂಗೀತ ನಿರ್ದೇಶಕರಾಗಿಯೂ, ಧಾರವಾಡ ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರರಾಗಿಯೂ, ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿಯೂ ಸೇವೆ ಸಲ್ಲಿಸಿದರು. ಖ್ಯಾತಿಯು ತಡವಾಗಿ ಬಂದಿತು. 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಅರಸಿಕೊಂಡು ಬಂದವು. ಮುಂಬಯಿ, ಕಲಕತ್ತೆಗಳ ಸಭೆಗಳು ಕೈಬೀಸಿ ಕರೆದರೂ ವಾಸವನ್ನು ಮಾತ್ರ ಧಾರವಾಡದಿಂದ ಕದಲಿಸಲಿಲ್ಲ. ಆತ್ಮಕಥೆಯನ್ನು ಕನ್ನಡದಲ್ಲಿಯೇ ಬರೆದು ನನ್ನ ರಸಯಾತ್ರೆ ಎಂದು ಹೆಸರಿಟ್ಟರು. ಅವರ ವಿದ್ಯೆಯು ಪುತ್ರ ರಾಜಶೇಖರ ಮನಸೂರರಲ್ಲಿ ಮುಂದುವರಿಯಿತು.

1992ರ ಸಪ್ಟೆಂಬರ 12ರಂದು ಮಲ್ಲಿಕಾರ್ಜುನ ಮನಸೂರರು ಲಿಂಗೈಕ್ಯರಾದರು. ಮೃತ್ಯುಂಜಯ ಎಂಬ ಹೆಸರಿನ ಆ ಮನೆಯನ್ನು ಅವರ ಸ್ಮಾರಕವಾಗಿ ಕಾಯ್ದಿರಿಸಲಾಗಿದೆ. ಅಕ್ಕನ ಕನಸಿನ ವಚನವು ಅವರ ಕಂಠದಲ್ಲಿ ಧ್ವನಿಮುದ್ರಿತವಾಗಿ ಉಳಿದಿದೆ.