ವಿಶ್ವೇಶ್ವರಯ್ಯನವರ ವಿದ್ಯಾರ್ಜನೆ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ವಿದ್ಯೆಗೆ ಗೌರವವಿದ್ದ ಆ ಮನೆಯಲ್ಲಿ ಸಂಪತ್ತಿರಲಿಲ್ಲ. ವಿಶ್ವೇಶ್ವರಯ್ಯನವರು ಇನ್ನೂ ಬಾಲಕರಾಗಿದ್ದಾಗಲೇ ತಂದೆ ತೀರಿಕೊಂಡರು.

ಚಿಕ್ಕಬಳ್ಳಾಪುರದಲ್ಲಿ ಆರಂಭದ ಶಿಕ್ಷಣವನ್ನು ಮುಗಿಸಿ, ಸೋದರಮಾವನ ಆಸರೆಯಲ್ಲಿ ಅವರು ಬೆಂಗಳೂರಿಗೆ ಬಂದರು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ತಮ್ಮ ಖರ್ಚನ್ನು ತಾವೇ ನಿಭಾಯಿಸಿದರು. ಕಾಲೇಜಿನಲ್ಲಿ ಶಿಷ್ಯರು, ಬಿಡುವಿನ ವೇಳೆಯಲ್ಲಿ ಮಕ್ಕಳಿಗೆ ಗುರುಗಳು. ಹೀಗೆ ಸಾಗಿತು ಅವರ ವಿದ್ಯಾರ್ಥಿಜೀವನ. ಪ್ರಿನ್ಸಿಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಅವರು ಈ ಶ್ರದ್ಧಾವಂತ ವಿದ್ಯಾರ್ಥಿಯನ್ನು ವಿಶೇಷ ವಾತ್ಸಲ್ಯದಿಂದ ಕಂಡರು. 1881ರಲ್ಲಿ ವಿಶ್ವೇಶ್ವರಯ್ಯನವರು ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನು ಪಡೆದರು.

ಆ ಕಾಲದಲ್ಲಿ ಪದವೀಧರರು ವಿರಳ. ಬಡತನದಲ್ಲಿ ಬೆಳೆದ ತರುಣನು ಅಷ್ಟಕ್ಕೇ ತೃಪ್ತನಾಗಿ ಉದ್ಯೋಗ ಹಿಡಿದಿದ್ದರೆ ಆಕ್ಷೇಪಿಸುವವರು ಯಾರೂ ಇರಲಿಲ್ಲ. ಆದರೆ ಅವರ ಮನಸ್ಸು ಇಂಜಿನಿಯರಿಂಗ್ ವಿದ್ಯೆಯತ್ತ ಹರಿದಿತ್ತು. ಅದನ್ನು ಬೋಧಿಸುವ ಕಾಲೇಜು ಆಗ ಮೈಸೂರು ಸಂಸ್ಥಾನದಲ್ಲಿರಲಿಲ್ಲ. ಪರಸ್ಥಳದಲ್ಲಿ ಓದಲು ಹಣವೂ ಇರಲಿಲ್ಲ. ಮೈಸೂರು ಸರ್ಕಾರ ನೀಡಿದ ವಿದ್ಯಾರ್ಥಿವೇತನ ದಾರಿಯನ್ನು ತೆರೆಯಿತು. ಅವರು ಪುಣೆಯ ವಿಜ್ಞಾನ ಕಾಲೇಜಿಗೆ ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು. ಮರುವರ್ಷವೇ ಮುಂಬಯಿ ಸರ್ಕಾರದಲ್ಲಿ ಸಹಾಯಕ ಇಂಜಿನಿಯರರಾದರು.

ಕಲಿತ ಎರಡು ವಿದ್ಯೆಗಳೂ ಅವರ ಬಾಳಿನಲ್ಲಿ ಫಲ ನೀಡಿದವು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಅಳವಡಿಸಲಾಯಿತು. ನೀರು ನಿಗದಿತ ಮಟ್ಟವನ್ನು ಮೀರಿದಾಗ ಅವು ತಾವಾಗಿಯೇ ತೆರೆದು, ಮಟ್ಟ ಇಳಿದೊಡನೆ ಮುಚ್ಚಿಕೊಳ್ಳುತ್ತಿದ್ದವು. ಇದರಿಂದ ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಸಂಗ್ರಹಿಸುವುದು ಸಾಧ್ಯವಾಯಿತು. ಇದು ಇಂಜಿನಿಯರರ ಸಾಧನೆ. ಆದರೆ ನೀರಿನ ಜೊತೆಗೆ ಜನಜೀವನದ ಹರಿವನ್ನೂ ಅವರು ಅಧ್ಯಯನ ಮಾಡಿದರು. ದೇಶದ ಬಡತನ, ಉದ್ಯಮ ಮತ್ತು ಶಿಕ್ಷಣಗಳನ್ನು ಕುರಿತು ಆಳವಾಗಿ ಚಿಂತಿಸಿದರು. ಭಾರತದ ಯೋಜಿತ ಆರ್ಥಿಕ ವ್ಯವಸ್ಥೆಯನ್ನು ಕುರಿತ ಗ್ರಂಥವನ್ನು 1934ರಲ್ಲಿ ಪ್ರಕಟಿಸಿದರು.

1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದರು. ತಾವು ಪದವಿಗಾಗಿ ಮದರಾಸಿನ ವಿಶ್ವವಿದ್ಯಾನಿಲಯವನ್ನೂ ಇಂಜಿನಿಯರಿಂಗ್ ವಿದ್ಯೆಗಾಗಿ ಪುಣೆಯನ್ನೂ ಅವಲಂಬಿಸಬೇಕಾಗಿದ್ದುದನ್ನು ಅವರು ಬಲ್ಲವರಾಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಅವರ ದಿವಾನಗಿರಿಯ ಅವಧಿಯಲ್ಲಿ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೂ ಸ್ಥಾಪನೆಯಾದವು. ಎರಡು ವಿದ್ಯೆಗಳ ಬಾಗಿಲೂ ನಾಡಿನ ಮಕ್ಕಳಿಗೆ ನಾಡಿನಲ್ಲಿಯೇ ತೆರೆಯಿತು.

1955ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರರಾದ ವಿಶ್ವೇಶ್ವರಯ್ಯನವರು 1962ರಲ್ಲಿ ನಿಧನರಾದರು. ವಿದ್ಯಾರ್ಥಿವೇತನದ ರೂಪದಲ್ಲಿ ನಾಡು ನೀಡಿದ ನೆರವನ್ನು ಅವರು ವಿದ್ಯಾಸಂಸ್ಥೆಗಳ ರೂಪದಲ್ಲಿ ನಾಡಿಗೆ ಹಿಂದಿರುಗಿಸಿದರು.